ರೊಕ್ಕ ಬಂದ್ರ ಜಾತಿ ಹೋಗ್ತದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಅರ್ಜಿ ಬರೆದುಕೊಡುತ್ತೇನೆ. ಕೂಲಿ ಬಾಕಿ, ಹೊಲದ ತಕರಾರು, ಸ್ಕಾಲರ್‌ಶಿಪ್, ಜಾತಿ ಪ್ರಮಾಣಪತ್ರ, ಇಂಥವೇ ಜಾಸ್ತಿ. ಬರೆಯುವಾಗ ಎದುರಿಗೆ ಕೂತವರು ಸುಮ್ಮನಿರುವುದಿಲ್ಲ, ಏನಾದರೂ ಕೇಳುತ್ತಿರುತ್ತಾರೆ. ಬೀದರ್, ಯಾದಗಿರಿ ಕಡೆಯ ಕಾಲೇಜು ಹುಡುಗರು ಪತ್ರ ಬರೆದೂ ಕೇಳುತ್ತಾರೆ. ತಿರುಗಾ ಮುರುಗಾ ಅವೇ ಪ್ರಶ್ನೆಗಳು. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ನಾನೂ ಕೇರಿಯಲ್ಲಿ ಹುಟ್ಟಿದವನು. ಉತ್ತರಗಳಲ್ಲಿ ಅದು ಕಂಡರೆ ಕಾಣಲಿ.

## ಮೊದಮೊದಲ ಪ್ರಶ್ನೆಗಳು

ಈಗ ಜಾತಿ ಎಲ್ಲಿ ಅದ ರೀ? ಎಲ್ಲಾ ರೊಕ್ಕದ ಆಟ ಅಲ್ಲೇನು?

ಚಹಾದ ಅಂಗಡಿಯಿಂದ ಶುರು ಮಾಡೋಣ. ನಾನು ಸಣ್ಣವನಿದ್ದಾಗ ನಮ್ಮೂರ ಹೋಟೆಲಿನಲ್ಲಿ ನಮ್ಮ ಕೇರಿಯವರ ಲೋಟ ಬೇರೆ. ಹೊರಗೆ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಕುಡಿದವರೇ ತೊಳೆದು ಬೋರಲು ಇಡಬೇಕು. ಈಗ ಆ ಗೂಡು ಖಾಲಿ. ಎಲ್ಲರಿಗೂ ಪೇಪರ್ ಕಪ್ ಬಂದಿದೆ. ನೋಡ್ರಿ, ಜಾತಿ ಹೋಯ್ತು ಅಂದರು ಊರವರು. ಕಳೆದ ಸಲ ಹೋದಾಗ ಒಳಗಿನ ಕಪಾಟು ಕಣ್ಣಿಗೆ ಬಿತ್ತು. ಅದರಲ್ಲಿ ನಾಲ್ಕು ಸ್ಟೀಲ್ ಲೋಟ. ಗೌಡರು, ಸಾವ್ಕಾರರು ಬಂದರೆ ಚಹಾ ಅದರಲ್ಲಿ. ಮೊದಲು ನಮ್ಮ ಲೋಟ ಹೊರಗಿತ್ತು, ಈಗ ಅವರ ಲೋಟ ಒಳಗಿದೆ.

ರೊಕ್ಕದ ಆಟ ಅನ್ನೋದು ನಿಜ. ಆದರೆ ಎಲೆ ಹಂಚಿದವರು ಯಾರು, ಯಾರ ಕೈಗೆ ಎಷ್ಟು ಬಂತು, ಅದನ್ನೂ ನೋಡಬೇಕಲ್ವಾ? ಹೊಲ ಯಾರ ಹೆಸರಲ್ಲಿದೆ, ಬ್ಯಾಂಕಿನಲ್ಲಿ ಪರಿಚಯದವರು ಯಾರಿಗಿದ್ದಾರೆ, ಯಾರ ಅಂಗಡಿಗೆ ಮಂದಿ ಊಟಕ್ಕೆ ಹೋಗುತ್ತಾರೆ, ಇವೆಲ್ಲ ಆಟಕ್ಕೆ ಮೊದಲೇ ತೀರ್ಮಾನ ಆಗಿರುತ್ತವೆ.

ಎಸ್ಸಿ ಅನ್ನಬೇಕಾ, ಹರಿಜನ ಅನ್ನಬೇಕಾ, ದಲಿತ ಅನ್ನಬೇಕಾ?

'ಪರಿಶಿಷ್ಟ ಜಾತಿ' ಅನ್ನೋದು ಸರ್ಕಾರಿ ಕಾಗದದ ಮಾತು, ಅರ್ಜಿಯಲ್ಲಿ ಅದನ್ನೇ ಬರೆಯುತ್ತೇನೆ. 'ಹರಿಜನ' ಬೇರೆಯವರು ಇಟ್ಟ ಹೆಸರು, ಬಿಟ್ಟುಬಿಡಿ. 'ದಲಿತ' ಹೋರಾಟ ಕಟ್ಟಿದವರು ತಾವೇ ಆರಿಸಿಕೊಂಡಿದ್ದು. ತುಳಿಸಿಕೊಂಡವರು ಅಂತ ಅರ್ಥ. ಇನ್ನೊಂದು ಮಾತು. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಲಂಬಾಣಿ, ಭೋವಿಯಂಥ ಸಮುದಾಯಗಳೂ ಇವೆ. ಅವರ ಕಷ್ಟ ಸಣ್ಣದಲ್ಲ, ಆದರೆ ಹೊಲೆಯ, ಮಾದಿಗ, ಸಮಗಾರರ ಹಾಗೆ ಮುಟ್ಟಿಸಿಕೊಳ್ಳದ ಕಷ್ಟ ಅಲ್ಲ.

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 17. ನಮ್ಮ ಮೂರು ಜಿಲ್ಲೆಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು.

ಜಾತಿ ಅಂದ್ರ ಕೆಲಸ ಹಂಚಿಕೊಂಡಿದ್ದು ಅಷ್ಟೇ ಅಲ್ವಾ? ಬಸವಣ್ಣೋರೂ ಕಾಯಕ ಅಂದಾರಲ್ಲ?

ಕೆಲಸದಲ್ಲಿ ಮೇಲು ಕೀಳಿಲ್ಲ ಅಂದರು ಬಸವಣ್ಣ. ಅಪ್ಪ ಚಪ್ಪಲಿ ಹೊಲಿದ, ನೀನೂ ಅದನ್ನೇ ಹೊಲಿ ಅಂತ ಎಲ್ಲಿ ಅಂದರು? ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು. ಅದಕ್ಕೆ ಆ ಇಬ್ಬರು ಬೀಗರು ಕೊಟ್ಟ ಬೆಲೆ ಅವರ ಪ್ರಾಣ. ಕೆಲಸ ಹಂಚಿಕೊಂಡಿದ್ದಷ್ಟೇ ಆಗಿದ್ದರೆ ಒಂದು ಮದುವೆಗೆ ಊರು ಯಾಕೆ ಹೊತ್ತಿ ಉರಿಯಬೇಕಿತ್ತು? ಆ ಕಲ್ಯಾಣ ಇವತ್ತಿನ ಬೀದರ್ ಜಿಲ್ಲೆಯಲ್ಲೇ ಇದೆ, ಬಸ್ಸಿಗೆ ಹೋಗಿ ನೋಡಿ ಬರಬಹುದು.

ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡಿ ಒಬ್ಬರ ಮೇಲೊಬ್ಬರನ್ನು ಕೂರಿಸುತ್ತದೆ ಅಂತ ಅಂಬೇಡ್ಕರ್ 1936ರಲ್ಲೇ ಬರೆದರು. ಅದು ಅವರಿಗೆ ಪುಸ್ತಕದಿಂದ ಸಿಕ್ಕಿದ ಮಾತಲ್ಲ. ಮುಂಬೈನ ಬಟ್ಟೆ ಗಿರಣಿಗಳಲ್ಲಿ ನೇಯುವ ವಿಭಾಗಕ್ಕೆ ಪಗಾರ ಜಾಸ್ತಿ. ಲಾಳಿಯ ನೂಲು ಮುಗಿದಾಗ ಹೊಸ ಕಂಡಿಕೆ ಹಾಕಿ, ಎಳೆಯನ್ನು ಬಾಯಿಂದ ಹೀರಿ ತೂತಿನಿಂದ ಹೊರಗೆ ತೆಗೆಯಬೇಕು. ದಲಿತರ ಬಾಯಿ ತಾಗಿದ ಲಾಳಿಗೆ ನಾವು ಬಾಯಿ ಹಚ್ಚಲ್ಲ ಅಂದರು ಉಳಿದ ಕೆಲಸಗಾರರು. ಹಾಗಾಗಿ ದಲಿತರು ಕಡಿಮೆ ಪಗಾರದ ನೂಲುವ ವಿಭಾಗದಲ್ಲೇ ಉಳಿದರು. ಇಂಗ್ಲೆಂಡಿನ ಮಷೀನು, ಕರೆಂಟು, ಹಾಜರಿ ಪುಸ್ತಕ, ಎಲ್ಲಾ ಹೊಸದು. ಒಂದು ಎಳೆ ಮಾತ್ರ ಹಳೆಯದು. ನೇಯುವ ವಿಭಾಗಕ್ಕೆ ದಲಿತರನ್ನೂ ತೆಗೆದುಕೊಳ್ಳಬೇಕು ಅಂತಲೇ 1928ರ ಗಿರಣಿ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಯೂನಿಯನ್‌ನವರಿಗೆ ಹಟ ಹಿಡಿದು ಕೇಳಿದ್ದು.

## ಹೊಲ, ಕೂಲಿ, ಅಂಗಡಿ, ನೌಕರಿ

ಬೆಂಗಳೂರು, ಪುಣೆಗೆ ದುಡಿಯಾಕ ಹೋದ್ರ ಜಾತಿ ಹಿಂದ ಉಳೀತದಲ್ಲ?

ಸ್ವಲ್ಪ ಉಳಿಯುತ್ತದೆ. ಸುಳ್ಳು ಯಾಕೆ ಹೇಳಲಿ. ಪಟ್ಟಣದ ಬಸ್ಸಿನಲ್ಲಿ ಯಾರೂ ಕುಲ ಕೇಳಲ್ಲ. ಗುಳೆ ಹೋಗಿ ದುಡಿದು ತಂದ ರೊಕ್ಕದಲ್ಲೇ ನಮ್ಮ ಕೇರಿಯಲ್ಲಿ ಆರ್‌ಸಿಸಿ ಮನೆಗಳು ಎದ್ದಿದ್ದು. ಮಗಳ ಮದುವೆಗೆ ಸಾವ್ಕಾರರ ಕಟ್ಟೆ ಹತ್ತೋದು ಕಡಿಮೆ ಆಗಿದ್ದೂ ಅದರಿಂದಲೇ.

ಆದರೆ ಹೋಗುವ ದಾರಿ ನೋಡಿ. ಮೇಸ್ತ್ರಿ ಬಂದು ಮುಂಗಡ ಕೊಡುತ್ತಾನೆ. ಅದು ಅವನ ವಹಿಯಲ್ಲಿ ಇರುತ್ತದೆ, ನಮ್ಮ ಕೈಗೆ ಚೀಟಿ ಇಲ್ಲ. ನನ್ನ ಹತ್ತಿರ ಬಂದ ಒಂದು ಜೋಡಿ ಆರು ತಿಂಗಳು ಇಟ್ಟಿಗೆ ಹೊತ್ತು ಬಂದಿದ್ದರು. ಬಂದಾಗ ಬಾಕಿ ಹೋದಾಗಿದ್ದಕ್ಕಿಂತ ಜಾಸ್ತಿ. ಊಟ, ಆಸ್ಪತ್ರೆ, ಊರಿಗೆ ಬಂದು ಹೋದ ಬಸ್ ಚಾರ್ಜು, ಎಲ್ಲಾ ಅವನು ಬರೆದುಕೊಂಡಿದ್ದ. ಮುಂಗಡಕ್ಕೆ ಕಟ್ಟಿಹಾಕಿ ದುಡಿಸಿಕೊಳ್ಳೋದು 1976ರ ಜೀತ ನಿರ್ಮೂಲನಾ ಕಾಯ್ದೆ ಪ್ರಕಾರ ಅಪರಾಧ. ಆ ಸಾಲ ತೀರಿಸಬೇಕಾಗಿಯೂ ಇಲ್ಲ. ಈ ಮಾತು ಹೇಳಿದಾಗ ಆ ಹೆಣ್ಣುಮಗಳು ನಂಬಲೇ ಇಲ್ಲ. "ತೊಗೊಂಡಿದ್ದು ಖರೆ ಅದಲ್ರೀ" ಅಂದಳು.

ಪಟ್ಟಣದ ಗುಂಡಿಗಳಿಗೆ ಇಳಿಯೋರು, ಕಸ ಎತ್ತೋರು ಯಾರು ಅಂತಲೂ ನೋಡಿ. ಆ ಕೆಲಸಕ್ಕೆ ಮೀಸಲಾತಿ ಬೇಡ ಅಂತ ಇಲ್ಲಿವರೆಗೆ ಯಾರೂ ಧರಣಿ ಕೂತಿಲ್ಲ.

ಸರ್ಕಾರ ಹೊಲ ಕೊಟ್ಟದಲ್ಲ, ಮಾರಿಕೊಂಡವರು ನೀವೇ ಅಲ್ಲೇನು?

ಕೆಲವರು ಮಾರಿದ್ದು ಹೌದು. ಯಾರಿಗೆ, ಯಾವಾಗ, ಎಷ್ಟಕ್ಕೆ ಅಂತ ಕೇಳಿ. ಆಸ್ಪತ್ರೆ ಬಿಲ್ಲಿಗೆ, ಪಕ್ಕದ ಹೊಲದ ದೊಡ್ಡವರಿಗೆ, ಅವರು ಹೇಳಿದ ರೇಟಿಗೆ. ಇದು ಗೊತ್ತಿದ್ದೇ ಕರ್ನಾಟಕದಲ್ಲಿ 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟರ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ) ಬಂತು. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಹೊಲವನ್ನು ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಊರ್ಜಿತ ಅಲ್ಲ. ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ವಾಪಸ್ ಕೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟ್, ತೀರಾ ತಡವಾಗಿ ಬಂದರೆ ಆಗದು ಅಂದ ಮೇಲೆ ಬಹಳ ಕೇಸು ಬಿದ್ದುಹೋದವು. ಆಮೇಲೆ ಧರಣಿ ಕೂತು ಕೂತು, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಆಯಿತು.

2020ರಲ್ಲಿ ಇನ್ನೊಂದಾಯಿತು. ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದು ಅಂತ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದರು. ಪಾಲಿಗೆ ಹೊಲ ಮಾಡುವ ಕೂಲಿಯವನೂ, ಪಟ್ಟಣದ ರೊಕ್ಕದವನೂ ಒಂದೇ ಎಕರೆಗೆ ಕೈ ಚಾಚಿದರೆ ಅದು ಯಾರ ಕೈಗೆ ಸಿಗುತ್ತದೆ, ನೀವೇ ಹೇಳಿ.

ಅಂಗಡಿ ಹಾಕ್ರಿ, ಬಿಸಿನೆಸ್ ಮಾಡ್ರಿ. ಯಾರ್ ಬ್ಯಾಡ ಅಂದಾರ?

ಯಾರೂ ಬ್ಯಾಡ ಅಂದಿಲ್ಲ. ನಮ್ಮ ವೈನಿಯ ಕತೆ ಹೇಳುತ್ತೇನೆ. ಜೋಳದ ಖಡಕ್ ರೊಟ್ಟಿ ಮಾಡೋದರಲ್ಲಿ ಆಕೆಯ ಕೈ ಎತ್ತಿದ್ದು. ಹಪ್ಪಳದಷ್ಟು ತೆಳು, ತಿಂಗಳಿಟ್ಟರೂ ಕೆಡಲ್ಲ. ಎರಡು ಖಾನಾವಳಿಗೆ ದಿನಾ ಕೊಡುತ್ತಿದ್ದಳು. ಒಂದಿನ ಒಬ್ಬ ಮಾಲೀಕರು "ಯಾವ ಓಣ್ಯಾಗ ಇರ್ತೀರಿ ತಂಗಿ?" ಅಂತ ಕೇಳಿದರು. ಈಕೆ ಹೇಳಿದಳು. ಮರುದಿನದಿಂದ "ಸದ್ಯಕ್ಕ ಬ್ಯಾಡ, ಗಿರಾಕಿ ಕಡಿಮಿ ಅದ." ಜಗಳ ಇಲ್ಲ, ಬೈಗುಳ ಇಲ್ಲ. ಯಾವ ಸ್ಟೇಷನ್ನಿನಲ್ಲಿ ಏನಂತ ಬರೆಸಲಿ ನಾನು? ಈಗ ಆಕೆ ರೊಟ್ಟಿಯನ್ನು ಒಬ್ಬ ವ್ಯಾಪಾರಿಗೆ ಕೊಡುತ್ತಾಳೆ. ಅವರು ತಮ್ಮ ಮನೆದೇವರ ಹೆಸರಿನ ಚೀಟಿ ಅಂಟಿಸಿ ಮಾರುತ್ತಾರೆ. ಆಕೆಗೆ ಸಿಗೋದು ಬಡಿದ ಕೂಲಿ. ಮೊದಲಿನ ಖಾನಾವಳಿಯವರು ಈಗ ಅದೇ ಪ್ಯಾಕೆಟ್ ತರಿಸುತ್ತಾರೆ ಅಂತ ಆಕೆಯೇ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಇನ್ನು ಬಂಡವಾಳ. ಕಲಬುರಗಿ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿ ನಡೆಯೋದೇ ಉದ್ರಿ ಮೇಲೆ. ಬಿತ್ತುವ ಹೊತ್ತಿಗೆ ಬೀಜ ಗೊಬ್ಬರಕ್ಕೆ ರೊಕ್ಕ, ರಾಶಿ ಆದ ಮೇಲೆ ತೊಗರಿ ಅಲ್ಲಿಗೇ. ಇದಕ್ಕೆ ಕಾಗದಕ್ಕಿಂತ ಪರಿಚಯ ಮುಖ್ಯ. 'ಇಂಥವರ ಮಗ' ಅಂದರೆ ಸಾಕು, ಉದ್ರಿ ಸಿಗುತ್ತದೆ. ನಾವು ಆ ಅಂಗಡಿಗಳಲ್ಲಿ ತಲೆತಲಾಂತರದಿಂದ ಹಮಾಲಿ ಮಾಡಿದವರು. ಪರಿಚಯ ನಮಗೂ ಇದೆ, ಚೀಲ ಹೊರುವ ಪರಿಚಯ. ಬ್ಯಾಂಕಿಗೆ ಹೋದರೆ ಹೊಲದ ಪಹಣಿ ಕೇಳುತ್ತಾರೆ. ಹೊಲದ ಕತೆ ಮೇಲೆಯೇ ಹೇಳಿದೆ. 2016ರ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯಲ್ಲಿ ಪ್ರತಿ ಬ್ಯಾಂಕ್ ಶಾಖೆಯೂ ಒಬ್ಬ ಎಸ್ಸಿ ಅಥವಾ ಎಸ್‌ಟಿ ಉದ್ಯಮಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅಂತಿತ್ತು. ನಮ್ಮ ಓಣಿಯವರು ಕೇಳೋದು ಐವತ್ತು ಸಾವಿರ.

ಮೀಸಲಾತಿ ಅದಲ್ಲ, ಇನ್ನೂ ಏನ್ ಬೇಕು?

ಸರ್ಕಾರಿ ನೌಕರಿಗೆ ಇದೆ. ಖಾಸಗಿ ನೌಕರಿಗೆ ಇಲ್ಲ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಾಗಲಿ, ಬೆಂಗಳೂರಿನ ಐಟಿ ಕಂಪನಿಯಾಗಲಿ, ಯಾರೂ ಕೊಡಬೇಕಾಗಿಲ್ಲ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಇಲ್ಲಿನವರಿಗೆ ಪಾಲು ಸಿಕ್ಕಿತು, ಒಳ್ಳೆಯದೇ. ಆದರೆ ಆಫೀಸಿನ ಡ್ರೈವರ್, ಜವಾನ, ಕಂಪ್ಯೂಟರ್ ಆಪರೇಟರ್ ಎಲ್ಲರೂ ಹೊರಗುತ್ತಿಗೆಗೆ ಹೋದರು. ಏಜೆನ್ಸಿಯವರು ಯಾರನ್ನು ಬೇಕೋ ಅವರನ್ನು ತೆಗೆದುಕೊಳ್ಳುತ್ತಾರೆ. ಅಲ್ಲೂ ಮೀಸಲಾತಿ ಪಾಲಿಸಬೇಕು ಅಂತ ರಾಜ್ಯ ಸರ್ಕಾರ 2024ರಲ್ಲಿ ಆದೇಶ ಮಾಡಿದೆ. ಆದೇಶದ ಪ್ರತಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಕೆಲಸಕ್ಕೆ ಬರುತ್ತದೆ.

ಖಾಸಗಿಯವರು ಬರೀ ಮೆರಿಟ್ ನೋಡುತ್ತಾರೆ ಅನ್ನೋರಿಗೆ ಒಂದು ಲೆಕ್ಕ. ಸುಖದೇವ್ ಥೋರಾಟ್ ಮತ್ತು ಪಾಲ್ ಆಟ್ವೆಲ್ ಅನ್ನೋ ಇಬ್ಬರು ವಿದ್ವಾಂಸರು ಖಾಸಗಿ ಕಂಪನಿಗಳ ಜಾಹೀರಾತಿಗೆ ಅರ್ಜಿ ಹಾಕಿ ನೋಡಿದರು. ಓದು ಒಂದೇ, ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ. 2007ರಲ್ಲಿ ಫಲಿತಾಂಶ ಪ್ರಕಟ ಆಯಿತು. ಮೇಲ್ಜಾತಿಯ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬರುವ ಅವಕಾಶ ಮೂರನೇ ಒಂದರಷ್ಟು ಕಡಿಮೆ. ಮುಸ್ಲಿಂ ಹೆಸರಿನ ಪಾಡು ಇನ್ನೂ ಕೆಟ್ಟದಿತ್ತು.

ಮೇಲ್ಜಾತ್ಯಾಗ ಬಡವರು ಇಲ್ಲೇನು?

ಇದ್ದಾರೆ. ಅವರ ಅರ್ಜಿಯನ್ನೂ ನಾನೇ ಬರೆಯುತ್ತೇನೆ. ಅವರಿಗೆ ಬಾಡಿಗೆ ಮನೆ ಹುಡುಕುವಾಗ ರೊಕ್ಕದ ಪ್ರಶ್ನೆ ಬರುತ್ತದೆ. ನನಗೆ ಅದಕ್ಕೂ ಮೊದಲು "ನೀವು ಯಾರ ಪೈಕಿ?" ಅನ್ನೋದು ಬರುತ್ತದೆ.

## ಹೋರಾಟದ ಬಗ್ಗೆ

ದಲಿತ ಹೋರಾಟ ಎಲ್ಲಾ ಮೈಸೂರು, ಬೆಂಗಳೂರು ಕಡೀದಲ್ಲೇನು? ನಮ್ಮ ಕಡೆ ಏನಿತ್ತು?

1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು 'ಬೂಸಾ' ಅಂದಿದ್ದಕ್ಕೆ ಆದ ಗಲಾಟೆ, ಭದ್ರಾವತಿಯ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ, ಇವೆಲ್ಲ ಆ ಕಡೆಯವು ನಿಜ. ಆಮೇಲೆ ನಮ್ಮ ಕಡೆಗೂ ಹಬ್ಬಿದವು. ಆದರೆ ಅದಕ್ಕೂ ಮೊದಲೇ, 1968ರಲ್ಲಿ, ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದ್ದು ನಮ್ಮ ಗುಲಬರ್ಗಾದಲ್ಲಿ. ಅವರು ಹೈದರಾಬಾದ್ ಸಂಸ್ಥಾನದ ಕಾಲದಿಂದ ದುಡಿದ ನಾಯಕ. ಇಲ್ಲಿನ ಹುಡುಗರಿಗೇ ಅವರ ಹೆಸರು ಗೊತ್ತಿಲ್ಲ ಅನ್ನೋದು ನನಗೆ ಬೇಜಾರು. ಏಪ್ರಿಲ್ 14ಕ್ಕೆ ಜಗತ್ ಸರ್ಕಲ್‌ನ ಅಂಬೇಡ್ಕರ್ ಮೂರ್ತಿ ಹತ್ತಿರ ಕಾಲಿಡೋಕೆ ಜಾಗ ಇರಲ್ಲ. ಅಲ್ಲಿ ಡಿಜೆ ಸ್ವಲ್ಪ ಸಣ್ಣ ಮಾಡಿ ಇವರ ಬಗ್ಗೆ ಹತ್ತು ನಿಮಿಷ ಮಾತಾಡಬಹುದು.

ಹಲಗಿ ಬಾರ್ಸಲ್ಲ ಅಂದ್ರ ಅದು ಹೋರಾಟ ಹೆಂಗಾಗ್ತದ? ನಷ್ಟ ನಿಮಗೇ ಅಲ್ಲೇನು?

ನಷ್ಟ ಇದ್ದೇ ಇದೆ. ನಮ್ಮ ಕಾಕಾ ಬಿಟ್ಟ ವರ್ಷ ಮನೆಗೆ ಬರುತ್ತಿದ್ದ ಆಯದ ಜೋಳ ನಿಂತುಹೋಯಿತು. ಆಯ ಅಂದರೆ ಊರಿನ ಚಾಕರಿಗೆ ರಾಶಿ ಹೊತ್ತಿನಲ್ಲಿ ಕೊಡುವ ಕಾಳು. ಎಷ್ಟು ಕೊಡಬೇಕು ಅನ್ನೋದು ಕೊಡುವವರ ಮನಸ್ಸು. ಹಬ್ಬಕ್ಕೆ, ಹೆಣಕ್ಕೆ, ಡಂಗುರಕ್ಕೆ ಯಾವ ಹೊತ್ತಿಗೆ ಕರೆದರೂ ಹೋಗಬೇಕು. ಇದು ಕೂಲಿಯೂ ಅಲ್ಲ, ಭಿಕ್ಷೆಯೂ ಅಲ್ಲ, ಎರಡರ ನಡುವಿನದು. ಕಾಕಾ ಒಂದು ದಿನ ಹಲಗಿಯನ್ನು ಜಂತಿಗೆ ತೂಗುಹಾಕಿದ. ಅವತ್ತು ಊರಿಗೆ ನಡುಕ ಬಂದಿದ್ದು ಸದ್ದು ನಿಂತಿದ್ದಕ್ಕಲ್ಲ. ನಾಳೆ ಸತ್ತ ದನ ಎತ್ತಲ್ಲ ಅಂತಾರೆ, ನಾಡಿದ್ದು ಕೂಲಿ ರೇಟು ಕೇಳ್ತಾರೆ, ಆ ಹೆದರಿಕೆಗೆ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರನ್ನು ಹೊಡೆದಾಗ, ಅಲ್ಲಿನ ದಲಿತರು ದನದ ಹೆಣಗಳನ್ನು ಕಚೇರಿ ಮುಂದೆ ಸುರಿದು ನೀವೇ ಎತ್ತಿಕೊಳ್ಳಿ ಅಂದರು. ಎರಡೂ ಒಂದೇ ದಾರಿ.

ಇನ್ನೊಂದು ಮಜಾ ಇದೆ. ಕಾಕಾನ ಮೊಮ್ಮಗ ಈಗ ಹಲಗಿ ಮೇಳ ಕಟ್ಟಿಕೊಂಡಿದ್ದಾನೆ. ಮೆರವಣಿಗೆಗೆ ಇಷ್ಟು ಅಂತ ರೇಟು, ಅರ್ಧ ಮೊದಲೇ ಫೋನ್‌ಪೇ ಮಾಡಬೇಕು. ಹೆಣದ ಮುಂದೆ ಬಾರಿಸಲ್ಲ. ಕಾಕಾಗೆ ಇದು ಸರಿ ಕಾಣಲ್ಲ, ಬಿಟ್ಟಿದ್ದನ್ನು ಮತ್ತೆ ಹಿಡಿದ ಅಂತಾನೆ. ನನಗೆ ಮೊಮ್ಮಗನ ಮಾತೂ ಸರಿ ಅನ್ನಿಸುತ್ತದೆ. ರೇಟು ಹೇಳೋದು, ಬರಲ್ಲ ಅನ್ನೋದು, ಎರಡೂ ಈಗ ಅವನ ಕೈಯಲ್ಲಿವೆ. ಮಾರುಕಟ್ಟೆಯಿಂದ ನಮಗೆ ಆದ ಉಪಕಾರಗಳಲ್ಲಿ ಇದೂ ಒಂದು.

ಊರವರು ಬಹಿಷ್ಕಾರ ಹಾಕಿದ್ರ ಏನ್ ಮಾಡಬೇಕು?

2024ರಲ್ಲಿ ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಹುಡುಗಿಯೊಬ್ಬಳ ಪರವಾಗಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸು ಹಾಕಿದ್ದಕ್ಕೆ ದಲಿತರಿಗೆ ಅಂಗಡಿಯವರು ಸಾಮಾನು ಕೊಡೋದು ನಿಲ್ಲಿಸಿದ್ದು ಸುದ್ದಿ ಆಗಿತ್ತು. ಕೈ ಎತ್ತದೆ ಹೊಡೆಯುವ ರೀತಿ ಇದು. ಕಿರಾಣಿ, ಹಿಟ್ಟಿನ ಗಿರಣಿ, ಕೂಲಿ, ಎಲ್ಲಾ ಊರವರ ಕೈಯಲ್ಲಿದ್ದಾಗ ಬೇರೆ ಲಾಠಿ ಬೇಕಾ?

ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕೋದು, ಹಾಕ್ತೀವಿ ಅಂತ ಹೆದರಿಸೋದು, ಎರಡೂ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ (ಮಂದಿ ಅಟ್ರಾಸಿಟಿ ಕಾಯ್ದೆ ಅನ್ನೋದು) ಪ್ರಕಾರ ಅಪರಾಧ. 2015ರ ತಿದ್ದುಪಡಿಯಲ್ಲಿ ಇದು ಸೇರಿತು. ಎಫ್‌ಐಆರ್‌ಗೆ ಮೊದಲು ವಿಚಾರಣೆ ಮಾಡ್ತೀವಿ ಅಂತ ಪೊಲೀಸರು ಹೇಳುವ ಹಾಗಿಲ್ಲ. ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದವರು ಮಾಡಬೇಕು. ಅರ್ಜಿಯ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೂ ಕೊಡಿ.

ನನ್ನ ಕಸುಬಿನ ಮಾತು ಒಂದಿದೆ. ಅರ್ಜಿಯಲ್ಲಿ 'ಊರವರೆಲ್ಲ ಸೇರಿ' ಅಂತ ಬರೆಸಬೇಡಿ. ಅಂಥ ಅರ್ಜಿ ಕೋರ್ಟಿನಲ್ಲಿ ನಿಲ್ಲಲ್ಲ. ಯಾವ ತಾರೀಕು, ಎಷ್ಟು ಗಂಟೆಗೆ, ಯಾವ ಅಂಗಡಿ, ಏನು ಕೇಳಿದಿರಿ, ಅವರು ಏನಂದರು, ಪಕ್ಕದಲ್ಲಿ ಯಾರಿದ್ದರು, ಅಷ್ಟನ್ನೂ ಬರೆಸಿ. ಅಂದ ಮಾತನ್ನು ಅಂದ ಹಾಗೆಯೇ ಬರೆಸಿ, ಚಂದ ಮಾಡಬೇಡಿ.

ಅಟ್ರಾಸಿಟಿ ಕೇಸು ಬಹಳ ಸುಳ್ಳು ಇರ್ತಾವಂತಲ್ಲ?

ಕೇಸು ಬಿದ್ದುಹೋಗೋದೇ ಬೇರೆ, ಸುಳ್ಳಾಗೋದೇ ಬೇರೆ. ಸಾಕ್ಷಿ ಹೇಳಬೇಕಾದವನು ಯಾರ ಹೊಲದಲ್ಲಿ ತೊಗರಿ ಕೊಯ್ಯುತ್ತಾನೋ ಅವರದೇ ಮೇಲೆ ಸಾಕ್ಷಿ ಹೇಳಬೇಕು. ವರ್ಷಗಟ್ಟಲೆ ಕೇಸು ನಡೆಯುವಾಗ ಅವನ ಮನೆಯ ಒಲೆ ಉರಿಯಬೇಕಲ್ವಾ? ರಾಜಿ ಆಗುತ್ತಾನೆ. ಸುಳ್ಳು ಕೇಸು ಹಾಕಿದವರನ್ನೂ ನಾನು ನೋಡಿದ್ದೇನೆ, ಇಲ್ಲ ಅನ್ನಲ್ಲ. ರಾಜಿ ಆದವರನ್ನು ನೋಡಿದ್ದು ಅದರ ಎಷ್ಟೋ ಪಾಲು ಜಾಸ್ತಿ.

## ಸ್ವಲ್ಪ ಆಳದ ಪ್ರಶ್ನೆಗಳು

ಜಾತಿ ಮೊದಲೋ, ವರ್ಗ ಮೊದಲೋ? ಕೆಂಪು ಬಾವುಟ ಹಿಡಿಬೇಕೋ, ನೀಲಿ ಬಾವುಟನೋ?

1938ರಲ್ಲಿ ಮನ್ಮಾಡ್‌ನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮಾವೇಶದಲ್ಲಿ ಅಂಬೇಡ್ಕರ್, ಕಾರ್ಮಿಕರಿಗೆ ವೈರಿಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂದರು. ಬ್ರಾಹ್ಮಣಶಾಹಿ ಅಂದರೆ ಒಂದು ಜಾತಿಯ ಜನ ಅಂತಲ್ಲ, ಮೇಲು ಕೀಳಿನ ಬುದ್ಧಿ ಅಂತ, ಅದು ಎಲ್ಲರಲ್ಲೂ ಇರಬಹುದು ಅಂತಲೂ ಬಿಡಿಸಿ ಹೇಳಿದರು. ಅದು ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ. ಕಲಬುರಗಿ ಮೇಲೆ ಹಾಯ್ದು ರಾಯಚೂರಿಗೆ ಹೋಗುವ ಹಳಿ ಹಾಕಿದ್ದೂ ಅದೇ ಕಂಪನಿ. ಹಳಿ ಕಾಯುವ ಗ್ಯಾಂಗ್‌ಮನ್ ಕೆಲಸ ಬಿಟ್ಟು ದಲಿತರಿಗೆ ಮೇಲೆ ಹೋಗೋಕೆ ಅಲ್ಲಿ ದಾರಿ ಇರಲಿಲ್ಲ. ಆ ವರ್ಷವೇ ನವೆಂಬರ್ 7ಕ್ಕೆ ಕಾರ್ಮಿಕರ ಮುಷ್ಕರದ ಹಕ್ಕು ಕಸಿಯುವ ಮಸೂದೆ ವಿರುದ್ಧ ಮುಂಬೈನಲ್ಲಿ ದೊಡ್ಡ ಮುಷ್ಕರ ಆಯಿತು. ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷವೂ ಕಮ್ಯುನಿಸ್ಟರೂ ಅಲ್ಲಿ ಜೊತೆಗೇ ಇದ್ದರು.

ನಮ್ಮ ಊರಿನದೇ ಉದಾಹರಣೆ ಬೇಕಾದರೆ ಎಂಎಸ್‌ಕೆ ಬಟ್ಟೆ ಗಿರಣಿ ಇದೆ. ಮಲ್ಲಿಕಾರ್ಜುನ ಖರ್ಗೆಯವರು ಶಾಸಕರಾಗುವ ಮೊದಲು ಆ ಗಿರಣಿ ಕಾರ್ಮಿಕರ ಸಂಘದ ಕಾನೂನು ಸಲಹೆಗಾರರಾಗಿದ್ದರು. ಆಗ ಕೂಲಿ ಮತ್ತು ಜಾತಿಯ ಪ್ರಶ್ನೆಗಳು ಒಂದೇ ಗೇಟಿನಲ್ಲಿ ಸಿಗುತ್ತಿದ್ದವು. ಗಿರಣಿ ಮುಚ್ಚಿತು. ಈಗಿನ ಕೂಲಿಕಾರರು ಒಂದು ಗೇಟಿನಲ್ಲಿ ಸಿಗಲ್ಲ, ರೈಲಿನ ಜನರಲ್ ಬೋಗಿಯಲ್ಲಿ ಸಿಗುತ್ತಾರೆ.

ದಲಿತರೇ ಬಂಡವಾಳದಾರರಾದ್ರ ಪ್ರಶ್ನೆ ಬಗೆಹರೀತದಲ್ಲ?

2005ರಲ್ಲಿ ಪುಣೆಯಲ್ಲಿ ಮಿಲಿಂದ್ ಕಾಂಬ್ಳೆಯವರು ಡಿಕ್ಕಿ ಅನ್ನೋ ದಲಿತ ಉದ್ಯಮಿಗಳ ಸಂಘ ಶುರು ಮಾಡಿದ್ದು ಇದೇ ಆಸೆಯಿಂದ. ಕೇಂದ್ರ ಸರ್ಕಾರದ ಇಲಾಖೆಗಳು ತಮ್ಮ ಖರೀದಿಯಲ್ಲಿ ನೂರಕ್ಕೆ 4ರಷ್ಟನ್ನು ಎಸ್ಸಿ, ಎಸ್‌ಟಿಯವರ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು ಅಂತ 2012ರಲ್ಲಿ ನೀತಿ ಬಂತು. ಕರ್ನಾಟಕ ಇನ್ನೂ ಮುಂದೆ ಹೋಗಿ ಗುತ್ತಿಗೆಯಲ್ಲೇ ನೂರಕ್ಕೆ 24.1 ಪಾಲು ಇಟ್ಟಿತು. ಮೊದಲು 50 ಲಕ್ಷದ ಕೆಲಸಗಳವರೆಗೆ ಇತ್ತು, ಆಮೇಲೆ 1 ಕೋಟಿಗೆ ಏರಿತು. ನನ್ನ ಗುರುತಿನ ಇಬ್ಬರು ಹುಡುಗರು ಇದರಿಂದಲೇ ಗುತ್ತೇದಾರರಾದರು, ಚೆನ್ನಾಗಿ ನಡೆಸುತ್ತಿದ್ದಾರೆ. ಮೂರನೆಯವನ ಲೈಸೆನ್ಸ್ ಮಾತ್ರ ಅವನದು. ಜೆಸಿಬಿ, ರೊಕ್ಕ, ಬಿಲ್ಲು ಎಲ್ಲಾ ಬೇರೆಯವರದು. ಅವನಿಗೆ ಸಹಿಗೆ ಇಷ್ಟು ಅಂತ ಸಿಗುತ್ತದೆ. ಯಾಕೋ ಅಂದರೆ, "ಮಷೀನ್ ಇಲ್ಲ ಅಣ್ಣಾ, ಬಿಲ್ಲಾಗೋ ತನಕ ಕಾಯೋ ತಾಕತ್ತೂ ಇಲ್ಲ" ಅಂದ.

ನನ್ನ ಅಭಿಪ್ರಾಯ ಕೇಳಿದರೆ, ಉದ್ಯಮಿಗಳು ಬರಲಿ, ಇನ್ನೂ ಬರಲಿ. ಆದರೆ ಅವರು ಕೆಲಸಕ್ಕೆ ಇಟ್ಟುಕೊಂಡವರಿಗೆ ಕನಿಷ್ಠ ಕೂಲಿ ಕೊಡದಿದ್ದರೆ, ಅವರ ಮೇಲೂ ಅರ್ಜಿ ಬರೆಯುತ್ತೇನೆ. ಒಂದು ಬರೆದಿದ್ದೇನೆ ಕೂಡ.

ಒಳಮೀಸಲಾತಿ ನಮ್ಮನ್ನ ಒಡಿಯೋದಿಲ್ಲೇನು?

ಒಡಕು ಮೊದಲೇ ಇತ್ತು, ಎಣಿಸಿರಲಿಲ್ಲ ಅಷ್ಟೇ. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಎಸ್ಸಿ ಮೀಸಲಾತಿಯನ್ನು ಒಳಗಿನ ಜಾತಿಗಳಿಗೆ ಬೇರೆ ಬೇರೆ ಪಾಲು ಮಾಡಿ ಹಂಚಬಹುದು ಅಂದಿತು. 2025ರ ಆಗಸ್ಟ್‌ನಲ್ಲಿ, ನಾಗಮೋಹನದಾಸ್ ಆಯೋಗದ ವರದಿ ಬಂದ ಮೇಲೆ, ರಾಜ್ಯ ಸಂಪುಟ ಎಸ್ಸಿಗಳ ನೂರಕ್ಕೆ 17ರ ಮೀಸಲಾತಿಯನ್ನು ಮೂರು ಗುಂಪಿಗೆ 6, 6, 5 ಅಂತ ಹಂಚಲು ತೀರ್ಮಾನಿಸಿತು. ಇದೇ ಪ್ರಶ್ನೆ ನೋಡಲು ಸದಾಶಿವ ಆಯೋಗ ನೇಮಕ ಆಗಿದ್ದು 2005ರಲ್ಲಿ. ಅಂದರೆ ಇಪ್ಪತ್ತು ವರ್ಷ ಮಾದಿಗರು ರಸ್ತೆಯಲ್ಲಿದ್ದರು. ನಾನು ಮಾದಿಗ ಅಲ್ಲ. ಪಂಕ್ತಿಯಲ್ಲಿ ಮುಂದೆ ಕೂತವರು 'ಒಡೀಬ್ಯಾಡ್ರಿ' ಅಂದರೆ ಹಿಂದೆ ಕೂತವರಿಗೆ ಹೇಗೆ ಕೇಳಿಸುತ್ತದೆ ಅಂತ ಯೋಚಿಸಿದ ಮೇಲೆ ನಾನು ಆ ಮಾತು ಬಿಟ್ಟೆ.

ನಾ ದಲಿತ ಅಲ್ಲ ರೀ. ನಾ ಏನ್ ಮಾಡ್ಲಿ?

ಈ ಪ್ರಶ್ನೆ ಕೇಳಿದವರು ಒಬ್ಬ ಮನೆ ಮಾಲೀಕರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 'ಮನೆ ಬಾಡಿಗೆಗಿದೆ' ಅಂತ ಬೋರ್ಡು ಹಾಕಿ, ಫೋನ್ ಬಂದರೆ ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ನೀರು ಎಷ್ಟೊತ್ತಿಗೆ ಬರುತ್ತದೆ ಅಂತ ಹೇಳಿ ಇಟ್ಟುಬಿಡಿ. ಮುಂದಿನ ಪ್ರಶ್ನೆ ಬಾಯಿಗೆ ಬರುತ್ತದೆ, ನುಂಗಿಕೊಳ್ಳಿ. ಅವರು ಒಂದು ಗಳಿಗೆ ಸುಮ್ಮನಿದ್ದು, "ಮನ್ಯಾಗ ನಮ್ಮವ್ವ ಕೇಳ್ತಾಳಲ್ರೀ" ಅಂದರು. ಅವ್ವನಿಗೆ ಏನು ಹೇಳಬೇಕು ಅಂತ ನಾವಿಬ್ಬರೂ ಅರ್ಧ ತಾಸು ಕೂತು ಮಾತಾಡಿದೆವು. ಮನೆ ಈಗ ಬಾಡಿಗೆಗೆ ಹೋಗಿದೆ. ಯಾರಿಗೆ ಅಂತ ನಾನೂ ಕೇಳಲಿಲ್ಲ.